ಇಪ್ಪತ್ಮೂರನೆಯ ಸಾಲು

ಅವಳ ಕೋಣೆಯನ್ನು ಕೋಣೆ ಅನ್ನುವುದೇ ದೊಡ್ಡ ಮಾತು. ಮೊದಲು ಅಲ್ಲಿ ಮುರಿದ ಬೆಂಚುಗಳನ್ನೂ ಹಳೆಯ ಉತ್ತರಪತ್ರಿಕೆಯ ಕಟ್ಟುಗಳನ್ನೂ ತುರುಕುತ್ತಿದ್ದರು. ಅವಳು ಪಿಎಚ್‌ಡಿಗೆ ಸೇರಿದಾಗ ಬೆಂಚು ಹೊರಗೆ ಹಾಕಿ ಅವಳನ್ನು ಒಳಗೆ ಇಟ್ಟರು. ಕಟ್ಟುಗಳು ಇದ್ದಲ್ಲೇ ಇದ್ದವು. ಕಿಟಕಿ ಇಲ್ಲ. ಕುರ್ಚಿಯ ಬೆನ್ನಿಗೆ ಬೀರು, ಹೊಟ್ಟೆಗೆ ಮೇಜು. ಎದ್ದು ಹೊರಗೆ ಬರಬೇಕಾದರೆ ಮೇಜನ್ನೇ ಬಾಗಿಲ ಕಡೆಗೆ ನೂಕಬೇಕು, ಆಮೇಲೆ ಬಾಗಿಲು ಅರ್ಧವೇ ತೆರೆಯುತ್ತದೆ. ಎಡಗಡೆಯ ಗೋಡೆ ಗೋಡೆಯಲ್ಲ, ಪ್ಲೈವುಡ್ ಹಲಗೆ. ಅದರಾಚೆ ನಾಲ್ಕನೇ ನಂಬರಿನ ಕ್ಲಾಸು. ಅಲ್ಲಿ ಯಾರು ಕೆಮ್ಮಿದರೂ ಆಕಳಿಸಿದರೂ ಇಲ್ಲಿ ಕೇಳಿಸುತ್ತಿತ್ತು. ಇಷ್ಟಕ್ಕೆ ಹೊರಗೆ 'ಸಂಶೋಧನಾ ಕೊಠಡಿ' ಅಂತ ಬೋರ್ಡು ಬೇರೆ.

ಆರು ವರ್ಷ ಹನ್ನೊಂದು ತಿಂಗಳು ಅವಳು ಅಲ್ಲಿ ಕೂತಿದ್ದಳು. ಜೈಲಿನಲ್ಲಾದರೂ ನಡತೆ ನೋಡಿ ಒಂದೆರಡು ವರ್ಷ ಕಡಿಮೆ ಮಾಡುತ್ತಾರೆ. ಇವಳ ಕಷ್ಟವೇನೆಂದರೆ, ಇವಳ ನಡತೆ ತೀರಾ ಚೆನ್ನಾಗಿತ್ತು.

ವ್ಯವಹಾರ ನಿರ್ವಹಣೆ ಮತ್ತು ನಿರ್ಧಾರ ವಿಜ್ಞಾನ ಅಂತ ಆ ವಿಭಾಗದ ಹೆಸರು. ಗೋದಾಮು ಎಲ್ಲಿ ಕಟ್ಟಬೇಕು, ಲಾರಿ ಯಾವ ದಾರಿ ಹಿಡಿಯಬೇಕು, ಯಾರಿಗೆ ಯಾವ ಕೆಲಸ ಹಚ್ಚಬೇಕು ಅನ್ನುವುದನ್ನೆಲ್ಲ ಬಾಯಿಮಾತಿಗೆ ಬಿಡದೆ ಲೆಕ್ಕ ಹಾಕಿ ತೀರ್ಮಾನಿಸುವ ವಿದ್ಯೆ. ಊರಿನವರ ಸಮಸ್ಯೆಗಳನ್ನೆಲ್ಲ ಬಿಡಿಸಿಕೊಡುತ್ತಿದ್ದ ಈ ವಿಭಾಗದವರಿಗೆ ಬಗೆಹರಿಯದೆ ಉಳಿದದ್ದು ಒಂದೇ, ತಮ್ಮ ಸ್ವಂತ ಟೈಮ್‌ಟೇಬಲ್ಲು. ಪ್ರತಿ ಸೆಮಿಸ್ಟರ್ ಶುರುವಾಗುವ ಮುಂಚೆ ಮೂರು ವಾರ ಜಗಳ, ಮುನಿಸು, ಬಾಗಿಲು ಧಡಾರನೆ ಹಾಕುವುದು. ಅವಳು ಸೇರಿದ ಹೊಸದರಲ್ಲಿ ಗೈಡು ಅವಳನ್ನು ಕರೆದು, "ನೀನೊಂದು ಕೈ ನೋಡಮ್ಮ, ಇದನ್ನೇ ನಿನ್ನ ಸಂಶೋಧನೆ ಮಾಡ್ಕೋ," ಅಂದಿದ್ದರು. ಗೈಡೇ ವಿಭಾಗದ ಮುಖ್ಯಸ್ಥರು ಕೂಡ. ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು.

ಈಗ ಕೊನೆಯ ವಾರಕ್ಕೆ ಬರೋಣ.

ಸೋಮವಾರ ಬೆಳಿಗ್ಗೆ ವಿಭಾಗದ ಗುಮಾಸ್ತರು ಬಾಗಿಲಲ್ಲಿ ನಿಂತು ಕೆಮ್ಮಿದರು. ಒಳಗೆ ಇಬ್ಬರಿಗೆ ಜಾಗವಿಲ್ಲದ ಕಾರಣ ಅಲ್ಲಿಗೆ ಬಂದವರೆಲ್ಲ ಬಾಗಿಲಲ್ಲೇ ನಿಂತು ಮಾತಾಡುವುದು ರೂಢಿ.

"ತಗೋಮ್ಮಾ, ನಿನ್ನ ಆಯಸ್ಸು ಒಂದು ವರ್ಷ ಹೆಚ್ಚಾಯ್ತು," ಅಂತ ಒಂದು ಕಾಗದ ಚಾಚಿದರು.

ಅದು ಅವಧಿ ವಿಸ್ತರಣೆಯ ಅರ್ಜಿ. ಗುಮಾಸ್ತರ ದುಂಡನೆಯ ಅಕ್ಷರದಲ್ಲಿ ಎಲ್ಲವನ್ನೂ ತುಂಬಿಯಾಗಿತ್ತು. ಕಾರಣ ಅನ್ನುವ ಜಾಗದಲ್ಲಿ 'ಸಂಶೋಧನೆ ಇನ್ನೂ ಪಕ್ವವಾಗಬೇಕಿದೆ' ಎಂದಿತ್ತು. ಕೆಳಗೆ ಗೈಡಿನ ಸಹಿ. ಪಕ್ಕದಲ್ಲಿ ಅವಳ ಸಹಿಗೆ ಖಾಲಿ ಜಾಗ.

"ನಾನು ಇದನ್ನ ಕೇಳೇ ಇಲ್ವಲ್ಲಣ್ಣ?"

"ನೀನು ಕೇಳಬೇಕು ಅಂತ ಎಲ್ಲಿದೆ? ಸಾಹೇಬ್ರು ಬರಿ ಅಂದ್ರು, ಬರೆದೆ." ಆಮೇಲೆ ಗುಮಾಸ್ತರು ಧ್ವನಿ ತಗ್ಗಿಸಿದರು. "ಶುಕ್ರವಾರಕ್ಕೆ ಏಳು ವರ್ಷ ಮುಗಿಯುತ್ತೆ. ಅಷ್ಟರೊಳಗೆ ಥೀಸಿಸ್ ಆದ್ರೂ ಹೋಗ್ಬೇಕು, ಈ ಅರ್ಜಿ ಆದ್ರೂ ಹೋಗ್ಬೇಕು. ಎರಡೂ ಹೋಗ್ಲಿಲ್ಲ ಅಂದ್ರೆ ನಿನ್ನ ಹೆಸರನ್ನೇ ಹೊಡೆದು ಹಾಕ್ತಾರೆ."

ಥೀಸಿಸ್ ಬರೆದು ಮುಗಿದು ಎಂಟು ತಿಂಗಳಾಗಿತ್ತು. ಅದು ಗೈಡಿನ ಮೇಜಿನ ಮೇಲೆ ಬಿದ್ದುಕೊಂಡಿತ್ತು. ತಿಂಗಳಿಗೊಮ್ಮೆ ಅವರು ಅದನ್ನು ವಾಪಸು ಕೊಡುತ್ತಿದ್ದರು. ಅಲ್ಲೊಂದು ಅಲ್ಪವಿರಾಮ, ಇಲ್ಲೊಂದು ಪೂರ್ಣವಿರಾಮ. ಅವಳು ತಿದ್ದಿ ಕೊಟ್ಟರೆ, ಮುಂದಿನ ತಿಂಗಳು ಅದೇ ಅಲ್ಪವಿರಾಮ ತೆಗೆಯಲು ಹೇಳುತ್ತಿದ್ದರು. ಅವರು ಸಹಿ ಹಾಕದೆ ಥೀಸಿಸ್ ಕಚೇರಿಯ ಕಿಟಕಿ ದಾಟುವಂತಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದ. ವರ್ಗವಾಗಿ ಮೂರು ವರ್ಷ. ಐದು ವರ್ಷದ ಮಗಳು ಅವನ ಜೊತೆಗೇ ಇದ್ದಳು. ಆ ಊರಿನ ಕಾಲೇಜಿನಲ್ಲಿ ಇವಳಿಗಾಗಿ ಒಂದು ಕೆಲಸ ಕಾದಿತ್ತು. ಥೀಸಿಸ್ ಸಲ್ಲಿಸಿದ ರಸೀದಿ ಈ ತಿಂಗಳೊಳಗೆ ತೋರಿಸಿದರೆ ಕೆಲಸ ಇವಳದು, ಇಲ್ಲದಿದ್ದರೆ ಇನ್ನೊಬ್ಬರದು. ಈಗಾಗಲೇ ಎರಡು ಸಲ ಇನ್ನೊಬ್ಬರದ್ದಾಗಿತ್ತು.

"ಅರ್ಜಿ ಬಂದಿದೆ ರೀ," ಅಂದಳು. "ಇನ್ನೊಂದು ವರ್ಷ."

"ನೀನು ಏನು ಮಾಡಿದ್ರೂ ನಾನು ಬೇಡ ಅನ್ನಲ್ಲ. ಬೈಯೋಕೂ ಬೇಜಾರಾಗಿದೆ ಕಣೆ," ಅಂದ. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹಿಂದಿನ ಶನಿವಾರ ಅವಳು ಮನೆಗೆ ಹೋದಾಗ ಮಗಳು ಓಡಿ ಬಂದು ಕಾಲು ಹಿಡಿದುಕೊಂಡಿರಲಿಲ್ಲ. ಅಡುಗೆಮನೆಗೆ ಹೋಗಿ, ಲೋಟದಲ್ಲಿ ನೀರು ತುಂಬಿಸಿ, ಚೆಲ್ಲದ ಹಾಗೆ ನಿಧಾನವಾಗಿ ನಡೆದು ಬಂದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದಳು. ನೆಂಟರಿಗೆ ಕೊಡುವ ಹಾಗೆ. ಆ ನೀರು ಕುಡಿದು ಮುಗಿಸುವಷ್ಟರಲ್ಲಿ ಇವಳಿಗೆ ಸಾಕುಸಾಕಾಗಿತ್ತು.

ಗೈಡು ಸಹಿ ಹಾಕದಿರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಇವಳು ಹೋದರೆ ಟೈಮ್‌ಟೇಬಲ್ ಮಾಡುವವರು ಯಾರು? ಆದರೆ ಅವಳ ಹೊಟ್ಟೆಯಲ್ಲಿ ಇನ್ನೊಂದು ಗುಟ್ಟಿತ್ತು. ಅದು ತನಗೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು.

ಮೊದಲ ವರ್ಷ ಅವಳು ಇಪ್ಪತ್ತೆರಡು ಜನ ಅಧ್ಯಾಪಕರ ಹತ್ತಿರವೂ ಹೋಗಿ, ನೋಟ್‌ಬುಕ್ ಹಿಡಿದು ಅವರವರ ಬೇಡಿಕೆ ಕೇಳಿ ಬರೆದುಕೊಂಡಿದ್ದಳು. ಲೆಕ್ಕಪತ್ರ ಕಲಿಸುವವರಿಗೆ ಮಂಡಿನೋವು, ಮೆಟ್ಟಿಲು ಹತ್ತಿಸಬಾರದು. ವ್ಯಾಪಾರ ಕಾನೂನಿನವರಿಗೆ ಊಟವಾದ ಮೇಲೆ ತೂಕಡಿಕೆ, ಆ ಹೊತ್ತಿಗೆ ಪಾಠ ಹಾಕಬಾರದು. ಇಬ್ಬರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು; ಅಕ್ಕಪಕ್ಕದ ಕ್ಲಾಸು ಕೊಟ್ಟರೆ ಬಾಗಿಲಲ್ಲಿ ಎದುರಾಗಿಬಿಡುತ್ತಾರೆ, ಅದು ಕೂಡದು. ಗೈಡಿಗೆ ಸೋಮವಾರ, ಶುಕ್ರವಾರ ಪಾಠ ಬೇಡ. ಮಿಕ್ಕ ದಿನವೂ ಹನ್ನೊಂದರ ಒಳಗೆ ಬೇಡ. ಇಂಥವೆಲ್ಲ ಸೇರಿ ಅರವತ್ತು ಬೇಡಿಕೆ. ಒಬ್ಬೊಬ್ಬ ಅಧ್ಯಾಪಕರಿಗೆ ಒಂದೊಂದು ಸಾಲು, ಒಂದೊಂದು ಪಾಠಕ್ಕೆ ಒಂದೊಂದು ಮನೆ ಮಾಡಿ, ಕಂಪ್ಯೂಟರಿಗೆ ಕೊಟ್ಟಳು. ಅದು ಸ್ವಲ್ಪ ಹೊತ್ತು ಗುರುಗುಟ್ಟಿ, ಒಂದೇ ಮಾತು ಹೇಳಿತು: ಪರಿಹಾರವಿಲ್ಲ.

ವಾರಕ್ಕೆ ಬೇಕಾದದ್ದು ಇನ್ನೂರ ನಲವತ್ತು ಗಂಟೆ ಪಾಠ. ಎಲ್ಲರ ಬೇಡಿಕೆಯನ್ನೂ ಮನ್ನಿಸಿದರೆ ಸಿಗುವುದು ಇನ್ನೂರ ಇಪ್ಪತ್ತೆಂಟು. ಹನ್ನೆರಡು ಗಂಟೆ ಎಲ್ಲಿಂದಲೂ ಹುಟ್ಟುವುದಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಆ ಕಾಗದ ಹಿಡಿದು ಗೈಡಿನ ಹತ್ತಿರ ಹೋಗಿ, ಆಗಲ್ಲ ಸರ್ ಅನ್ನುತ್ತಿದ್ದರು. ಇವಳು ತರಗತಿಯಲ್ಲಿ ಯಾವತ್ತೂ ಎರಡನೇ ಸ್ಥಾನಕ್ಕೆ ಇಳಿಯದ ಹುಡುಗಿ. ಆಗಲ್ಲ ಅನ್ನುವುದು ಅವಳ ಬಾಯಿಗೆ ಬರುತ್ತಿರಲಿಲ್ಲ. ಅವಳ ವಿದ್ಯೆಯಲ್ಲಿ ಇದಕ್ಕೊಂದು ಉಪಾಯವಿದೆ. ಕೆಲಸ ಹೆಚ್ಚಿದ್ದು ಜನ ಕಡಿಮೆಯಿದ್ದರೆ, ಇಲ್ಲದ ಒಬ್ಬ ಮನುಷ್ಯನನ್ನು ಇದ್ದಾನೆಂದು ಭಾವಿಸಿ ಒಂದು ಖಾಲಿ ಸಾಲು ಸೇರಿಸುವುದು. ಆಗ ಲೆಕ್ಕ ಸರಾಗವಾಗಿ ಬಿಡಿಸಿಕೊಳ್ಳುತ್ತದೆ. ಆ ಸಾಲಿಗೆ ಬಿದ್ದ ಕೆಲಸ ನಡೆಯದೆ ಉಳಿಯುವ ಕೆಲಸ ಅಂತ ಅರ್ಥ. ಪುಸ್ತಕದಲ್ಲಿ ಅಷ್ಟಕ್ಕೆ ಮುಗಿಯುತ್ತದೆ. ಆದರೆ ಇಲ್ಲಿ ನಡೆಯದೆ ಉಳಿದ ಕೆಲಸ ಅಂದರೆ ಅರವತ್ತು ಜನ ಹುಡುಗ ಹುಡುಗಿಯರು ನೋಟ್‌ಬುಕ್ ತೆರೆದು ಬಾಗಿಲು ನೋಡುತ್ತಾ ಕೂತಿರುವುದು.

ಅವಳು ಇಪ್ಪತ್ಮೂರನೆಯ ಸಾಲು ಸೇರಿಸಿದಳು. ಟೈಮ್‌ಟೇಬಲ್ ಹೂವಿನ ಹಾಗೆ ಅರಳಿತು. ಆ ಸಾಲಿನ ಅಧ್ಯಾಪಕರ ಹೆಸರು ಹಾಕಬೇಕಾದ ಜಾಗದಲ್ಲಿ 'ವಿಭಾಗ' ಅಂತ ಟೈಪ್ ಮಾಡಿದಳು. ಸೆಮಿಸ್ಟರ್ ಶುರುವಾದ ದಿನ ಆ ಪಾಠದ ಹೊತ್ತಿಗೆ ತಾನೇ ಎದ್ದು ಹೋದಳು. ಒಂದು ಸೆಮಿಸ್ಟರ್ ಮಟ್ಟಿಗೆ ತಾನೇ ಅಂದುಕೊಂಡಳು. ವಾರಕ್ಕೆ ಹನ್ನೆರಡು ಗಂಟೆ, ಹದಿಮೂರು ಸೆಮಿಸ್ಟರ್. ಯಾವ ವಿಷಯ ಆ ಸಾಲಿಗೆ ಬಿತ್ತೋ ಆ ವಿಷಯ. ವ್ಯಾಪಾರ ಕಾನೂನನ್ನು ಒಂದು ಶನಿವಾರ ಬಸ್ಸಿನಲ್ಲಿ ಕಲಿತು ಸೋಮವಾರ ಕಲಿಸಿದ್ದಳು. ಹುಡುಗರು ಅವಳಿಗೆ 'ವಿಭಾಗ ಮೇಡಂ' ಅಂತಲೇ ಹೆಸರಿಟ್ಟರು. ಅವಳ ಥೀಸಿಸ್ಸಿನ ಮುಖ್ಯ ಸಾಲು ಏನು ಗೊತ್ತೆ? 'ಈ ಮಾದರಿಯನ್ನು ಬಳಸಿದಂದಿನಿಂದ ಒಂದು ಪಾಠವೂ ಖಾಲಿ ಹೋಗಿಲ್ಲ.' ನಿಜವೇ. ಖಾಲಿ ಹೋಗದ ಹಾಗೆ ನೋಡಿಕೊಂಡದ್ದು ಮಾದರಿಯಲ್ಲ, ಇವಳ ಎರಡು ಕಾಲು.

ಸುಳ್ಳು ಹೇಳಿದ್ದೇನೆ ಅನ್ನುವ ಹುಳ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಹೇಳಿಬಿಟ್ಟರೆ ಥೀಸಿಸ್ ಹೋಯಿತು. ಹೇಳದೆ ಹೊರಟರೆ ಮೊದಲನೆಯ ದಿನವೇ ಬಣ್ಣ ಬಯಲು. ಅರ್ಜಿಯನ್ನು ಮುಂದಿಟ್ಟುಕೊಂಡು ಸೋಮವಾರವಿಡೀ ಅವಳು ಇದನ್ನೇ ತಿರುವಿ ಹಾಕಿದಳು. ಬಚ್ಚಿಟ್ಟುಕೊಂಡೇ ಸಾಯುವುದಕ್ಕಿಂತ ಬಾಯಿಬಿಟ್ಟು ಬೈಸಿಕೊಳ್ಳುವುದು ಮೇಲು ಅನ್ನಿಸಿ, ಮಂಗಳವಾರ ಗೈಡಿನ ಕೋಣೆಗೆ ಹೋದಳು.

ಗೈಡಿನ ಕೋಣೆಗೆ ಮೂರು ಕಿಟಕಿ. ಅವರು ಕೆಟ್ಟ ಮನುಷ್ಯರಲ್ಲ. ಸೆಮಿಸ್ಟರ್ ರಜೆಯಲ್ಲೇ ಮುಗಿದ ಅವಳ ಬಾಣಂತನದ ಸಮಯದಲ್ಲಿ ಎರಡು ಸಲ ಮನೆಗೆ ಹಣ್ಣು ಕಳಿಸಿದ್ದರು. ಮಾತೂ ಮೆತ್ತಗೆ. ಗಟ್ಟಿಯಾಗಿ ಬೈಯುವವರಾಗಿದ್ದರೆ ಅವಳು ಎಂದೋ ಜಗಳವಾಡಿ ಹೊರಗೆ ಬಿದ್ದಿರುತ್ತಿದ್ದಳು.

"ಸರ್, ಥೀಸಿಸ್‌ನಲ್ಲಿ ಒಂದು ಸುಳ್ಳಿದೆ," ಅಂದಳು. "ನಾನು ಮೊದಲೇ ಹೇಳಬೇಕಿತ್ತು."

ಗೈಡು ಕನ್ನಡಕ ತೆಗೆದು ಒರೆಸಿದರು. "ಇಪ್ಪತ್ಮೂರನೇ ಸಾಲಾ?"

"ನಿಮಗೆ ಹೇಗೆ ಗೊತ್ತು ಸರ್?" ಅಂದಳು.

"ಕೂತ್ಕೋ. ನನಗೆ ಎರಡನೇ ವರ್ಷವೇ ಗೊತ್ತಾಯ್ತಮ್ಮ. ವಿಭಾಗ ಅಂತ ಯಾರೋ ಪಾಠ ಮಾಡ್ತಾರೆ ಅಂದ್ರೆ ಮುಖ್ಯಸ್ಥನಾಗಿ ನನಗೆ ಗೊತ್ತಾಗಲ್ವಾ? ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ಜನಾನೂ ಕಣ್ಣು ಮುಚ್ಕೊಂಡು ಓಡಾಡ್ತಾರೆ ಅಂದ್ಕೊಂಡಿದ್ಯಾ?"

"ಮತ್ತೆ... ಯಾರೂ ಕೇಳಲಿಲ್ಲ?"

"ನೀನೂ ಹೇಳಲಿಲ್ಲವಲ್ಲ. ನಿನಗೆ ಪಾಠ ಮಾಡೋದು ಇಷ್ಟ ಅಂದ್ಕೊಂಡ್ವಿ. ಹುಡುಗರಿಗೂ ನೀನಂದ್ರೆ ಪ್ರಾಣ." ಗೈಡು ಪ್ರೀತಿಯಿಂದ ನಕ್ಕರು. "ಅದನ್ನೇನೂ ಥೀಸಿಸ್‌ನಲ್ಲಿ ಬರೀಬೇಡ. ಯಾರಿಗೂ ತೊಂದರೆ ಇಲ್ಲ. ಈ ಅರ್ಜಿಗೆ ಸಹಿ ಹಾಕು, ಈ ಒಂದು ವರ್ಷ ನಿಧಾನವಾಗಿ ಮುಗಿಸು. ಮುಂದಿನ ವರ್ಷ ಖಂಡಿತ."

ಕಳೆದ ವರ್ಷವೂ ಅವರು ಖಂಡಿತ ಅಂದಿದ್ದರು. ಅವಳು ತಲೆಯಾಡಿಸಿ ಎದ್ದು ಬಂದಳು. ತಲೆಯಾಡಿಸುವುದು ಅವಳಿಗೆ ಅಷ್ಟು ಅಭ್ಯಾಸವಾಗಿಹೋಗಿತ್ತು.

ಕೋಣೆಗೆ ಬಂದು ಮೇಜನ್ನು ಹೊಟ್ಟೆಗೆ ಎಳೆದುಕೊಂಡು ಕೂತಾಗ ಅಳು ಬರಲಿಲ್ಲ. ನಾಚಿಕೆಯಾಯಿತು. ಕದ್ದ ಮಾಲಿನ ಹಾಗೆ ಅವಳು ಬಚ್ಚಿಟ್ಟುಕೊಂಡು ಬಂದದ್ದರ ಮೇಲೆ ಇಪ್ಪತ್ತೆರಡು ಜನ ಆರಾಮವಾಗಿ ಕಾಲು ಚಾಚಿ ಕೂತಿದ್ದರು. ಕಾರಿಡಾರಿನಲ್ಲಿ ಎದುರಾದಾಗ ಅವರು ನಗುತ್ತಿದ್ದ ನಗೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದು ಮೈ ಉರಿಯಿತು. ಆದರೂ ಏನು ಮಾಡುವುದು? ಸಹಿ ಹಾಕದಿದ್ದರೆ ಏಳು ವರ್ಷ ನೀರಿನಲ್ಲಿ ಹೋಮ. ಅರ್ಜಿ ತೆಗೆದಳು, ಪೆನ್ನಿನ ಮುಚ್ಚಳ ಬಿಚ್ಚಿದಳು. ಸಹಿಯ ಮೊದಲ ಅಕ್ಷರವೂ ಬಿತ್ತು.

ಅಷ್ಟರಲ್ಲಿ ಕಂಪ್ಯೂಟರು ಟಿಣ್ ಎಂದಿತು. ಗುರುವಾರದಿಂದ ಹೊಸ ಸೆಮಿಸ್ಟರ್. ಬೆಳಿಗ್ಗೆ ಅವಳೇ ಹೊಸ ಟೈಮ್‌ಟೇಬಲ್ ಲೆಕ್ಕಕ್ಕೆ ಹಚ್ಚಿ ಹೋಗಿದ್ದಳು, ಅದೀಗ ಮುಗಿದಿತ್ತು. ಅಭ್ಯಾಸದಂತೆ ಮೊದಲು ಕೊನೆಯ ಸಾಲು ನೋಡಿದಳು. ಹನ್ನೆರಡು ಇರಲಿಲ್ಲ. ಹದಿನಾಲ್ಕಿತ್ತು.

ತಪ್ಪಿರಬೇಕು ಎಂದು ಎರಡು ಸಲ ಎಣಿಸಿದಳು. ತಪ್ಪಿರಲಿಲ್ಲ. ಈ ಸಲ ಎರಡು ಹೊಸ ಬೇಡಿಕೆ ಬಂದಿದ್ದವು. ಒಬ್ಬರಿಗೆ ಬುಧವಾರ ಮಧ್ಯಾಹ್ನ ಬಿಡುವು ಬೇಕಿತ್ತು, ಸುಮ್ಮನೆ. ಇನ್ನೊಬ್ಬರಿಗೆ ಹತ್ತು ಗಂಟೆಗೆ ಬರುವುದು ತುಸು ಬೇಗವಾಗುತ್ತಿತ್ತು. ಆ ಎರಡು ಗಂಟೆ ಯಾರ ತಲೆಗೆ ಬೀಳುತ್ತದೆಂದು ಗೊತ್ತಿದ್ದೇ ಕೇಳಿದ್ದರು.

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಹೆದರಿಕೆಯಾಗಿತ್ತು. ಮುಂದಿನ ವರ್ಷ ಹದಿನಾರು, ಅದರ ಮುಂದೆ ಹದಿನೆಂಟು. ಇಲ್ಲೇ ಇದ್ದರೆ ಇದು ಬೆಳೆಯುತ್ತಲೇ ಹೋಗುತ್ತದೆ, ತಾನು ಮಗಳ ಕೈಯಿಂದ ನೀರು ಇಸಿದುಕೊಂಡು ಕುಡಿಯುತ್ತಲೇ ಇರಬೇಕಾಗುತ್ತದೆ. ಇಪ್ಪತ್ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಅಳಿಸಿದಳು. ಮತ್ತೆ ಲೆಕ್ಕಕ್ಕೆ ಹಚ್ಚಿದಳು. ಪರಿಹಾರವಿಲ್ಲ ಅಂದಿತು. ಅಷ್ಟು ವರ್ಷದ ನಂತರ ಆ ಮಾತು ಓದಿ ಅವಳಿಗೆ ಹಗುರವಾಯಿತು.

ಬುಧವಾರವಿಡೀ ಬರೆದಳು. ಥೀಸಿಸ್ಸಿಗೆ ಒಂಬತ್ತು ಪುಟದ ಹೊಸ ಅಧ್ಯಾಯ. ಈ ಸಮಸ್ಯೆಗೆ ಪರಿಹಾರವಿಲ್ಲ, ಯಾಕಿಲ್ಲ, ಹದಿಮೂರು ಸೆಮಿಸ್ಟರ್ ಅದು ಹೇಗೆ ಮುಚ್ಚಿಹೋಯಿತು, ಮುಚ್ಚಿದ್ದು ಯಾರು, ಯಾವ ಬೇಡಿಕೆ ತೆಗೆದರೆ ಎಷ್ಟು ಗಂಟೆ ಸಿಗುತ್ತದೆ, ಎಲ್ಲವೂ ಅದರಲ್ಲಿತ್ತು. ಬರೆಯುತ್ತಾ ಬರೆಯುತ್ತಾ ಅವಳಿಗೇ ಆಶ್ಚರ್ಯವಾಯಿತು. ಇಡೀ ಥೀಸಿಸ್ಸಿನಲ್ಲಿ ಜೀವವಿದ್ದದ್ದು ಆ ಒಂಬತ್ತು ಪುಟಕ್ಕೇ. ಸಂಜೆ ನಾಲ್ಕಕ್ಕೆ ಹೊಸ ಟೈಮ್‌ಟೇಬಲ್ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ತಾನೇ ಅಂಟಿಸಿದಳು. ಹದಿನಾಲ್ಕು ಮನೆಗಳು ಖಾಲಿ. ಯಾರ ಹೆಸರನ್ನೂ ಹಾಕದೆ ಪ್ರತಿ ಖಾಲಿ ಮನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಕಾರಣ ಬರೆದಿದ್ದಳು. 'ಗುರುವಾರ ಹತ್ತು ಗಂಟೆ: ಈ ವಿಷಯ ಕಲಿಸಬಲ್ಲವರು ಮೂವರು. ಒಬ್ಬರು ಹನ್ನೊಂದರ ಒಳಗೆ ಪಾಠ ಮಾಡುವುದಿಲ್ಲ. ಒಬ್ಬರಿಗೆ ಹತ್ತು ಗಂಟೆ ಬೇಗವಾಗುತ್ತದೆ. ಒಬ್ಬರಿಗೆ ಪಕ್ಕದ ಕ್ಲಾಸಿನವರ ಮುಖ ನೋಡಲಾಗುವುದಿಲ್ಲ.'

ಗುರುವಾರ ಬೆಳಿಗ್ಗೆ ಬೋರ್ಡಿನ ಮುಂದೆ ಅಧ್ಯಾಪಕರ ಗುಂಪು. ಒಬ್ಬೊಬ್ಬರೂ ಮುಂದೆ ಬಗ್ಗಿ, ತಮ್ಮದನ್ನು ಓದಿ, ಯಾರಾದರೂ ನೋಡಿದರೇನೋ ಎಂದು ಹಿಂದೆ ತಿರುಗಿ, ಮಾತಿಲ್ಲದೆ ಸ್ಟಾಫ್‌ರೂಮಿಗೆ ಸರಿದರು. ವ್ಯಾಪಾರ ಕಾನೂನಿನವರು ಮಾತ್ರ, "ತೂಕಡಿಕೆ ಅಂತಲೇ ಬರೀಬೇಕಿತ್ತಾ?" ಎಂದು ಗೊಣಗಿದರು.

ಹತ್ತರ ಗಂಟೆ ಹೊಡೆಯಿತು.

ಪ್ಲೈವುಡ್ಡಿನಾಚೆ ಅರವತ್ತು ಕುರ್ಚಿ ಎಳೆದ ಸದ್ದು. ಅವಳ ಮೈ ತಾನಾಗಿ ಏಳಹೊರಟಿತು. ಮೇಜನ್ನು ಒಂದು ಗೇಣು ನೂಕಿಯೂ ಆಗಿತ್ತು. ಹಲ್ಲು ಕಚ್ಚಿ ವಾಪಸು ಎಳೆದುಕೊಂಡಳು. ಮೊದಲು ಪಿಸುಮಾತು, ಆಮೇಲೆ ನಗು, ಆಮೇಲೆ ಯಾರೋ ಡೆಸ್ಕು ಕುಟ್ಟಿದರು. "ವಿಭಾಗ ಮೇಡಂ ಇನ್ನೂ ಬಂದಿಲ್ವಾ?" ಅಂತ ಒಬ್ಬ ಕೇಳಿದ. "ಅವರು ಒಂದು ದಿನಾನೂ ತಪ್ಪಿಸಲ್ಲ ಕಣೋ, ಬರ್ತಾರೆ," ಅಂತ ಇನ್ನೊಬ್ಬಳು ಅಂದಳು. ಆ ಹುಡುಗರೇನು ಪಾಪ ಮಾಡಿದ್ದರು? ಹೋಗಿಬಿಡಲೇ, ಈ ಒಂದು ಗಂಟೆ ಮಾತ್ರ?

ಬಾಗಿಲಲ್ಲಿ ಗುಮಾಸ್ತರು ಬಂದು ನಿಂತರು. "ಹೋಗಲ್ವಾ?"

"ಇಲ್ಲ."

"ಸರಿ." ಅವರು ಹೊರಟು ಹೋಗಲಿಲ್ಲ. ಬಾಗಿಲಿಗೆ ಅಡ್ಡವಾಗಿ ಚೌಕಟ್ಟಿಗೆ ಬೆನ್ನು ಕೊಟ್ಟರು. "ನನ್ನನ್ನ ದಾಟಿಕೊಂಡು ಹೋಗೋ ಹಾಗಿದ್ರೆ ಹೋಗು. ನನ್ನ ತೂಕ ನೋಡಿದ್ದೀಯಲ್ಲ."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಕಾಲು ಗಂಟೆಯಾದ ಮೇಲೆ ತರಗತಿಯ ಪ್ರತಿನಿಧಿ ಹುಡುಗಿ ಬಂದು, ಗುಮಾಸ್ತರ ಭುಜದ ಮೇಲಿಂದ ಇಣುಕಿದಳು. "ಮೇಡಂ, ನಮಗೆ ಯಾರು ಬರ್ತಾರೆ?"

"ಯಾರೂ ಬರಲ್ಲ. ಬೋರ್ಡ್ ಮೇಲೆ ಬರೆದಿದೆಯಲ್ಲ. ಮುಖ್ಯಸ್ಥರನ್ನ ಹೋಗಿ ಕೇಳಿ."

"ನಾನೊಬ್ಬಳೇ ಹೋದ್ರೆ ಬೈತಾರೆ ಮೇಡಂ."

"ಒಬ್ಬಳೇ ಯಾಕೆ ಹೋಗ್ತೀಯಾ? ಎಲ್ಲರೂ ಹೋಗಿ."

ಅರವತ್ತು ಕುರ್ಚಿ ಮತ್ತೆ ಸದ್ದು ಮಾಡಿದವು. ಕಾರಿಡಾರಿನಲ್ಲಿ ಹೆಜ್ಜೆಗಳು ಗೈಡಿನ ಕೋಣೆಯ ಕಡೆಗೆ ಹೊರಟವು. ಗುಮಾಸ್ತರು ಬದಿಗೆ ಸರಿದರು. ಅವಳು ಮೇಜು ನೂಕಿ ಎದ್ದಳು. ಹೊಸ ಅಧ್ಯಾಯ ಸೇರಿಸಿದ ಥೀಸಿಸ್ಸನ್ನು ಎದೆಗೆ ಅವಚಿಕೊಂಡು ಹುಡುಗರ ಹಿಂದೆ ನಡೆದಳು.

ಗೈಡಿನ ಕೋಣೆ ಎಷ್ಟೇ ದೊಡ್ಡದಾದರೂ ಅರವತ್ತು ಜನಕ್ಕೆ ಸಾಲದು. ಹುಡುಗರು ಮೂರೂ ಕಿಟಕಿಗಳಿಗೆ ಒರಗಿ, ಬೀರುವಿಗೆ ಒತ್ತಿಕೊಂಡು, ಬಾಗಿಲಾಚೆಗೂ ನಿಂತಿದ್ದರು. ಗೈಡು ಕುರ್ಚಿಯಲ್ಲಿ ಹಿಂದೆ ಸರಿಯಲು ನೋಡಿದರು, ಹಿಂದೆಯೂ ಇಬ್ಬರಿದ್ದರು. ಅವಳನ್ನು ಕಂಡದ್ದೇ ಅವರ ಮುಖ ಅರಳಿತು.

"ಬಂದ್ಯಾ? ಸದ್ಯ. ಕರ್ಕೊಂಡು ಹೋಗಮ್ಮ ಇವರನ್ನ, ಪಾಠ ಶುರು ಮಾಡು."

"ನಾನು ಹೋಗಲ್ಲ ಸರ್," ಅಂದಳು. ಕೊನೆಗೂ ಆ ಮಾತು ಹೊರಗೆ ಬಂತು. "ನಾನು ಅಧ್ಯಾಪಕಿ ಅಲ್ಲ, ವಿದ್ಯಾರ್ಥಿನಿ. ನಾಳೆ ನನ್ನ ಕೊನೇ ದಿನ. ಸಹಿ ಬೇಕು." ಥೀಸಿಸ್ಸನ್ನು ಹೊಸ ಅಧ್ಯಾಯದ ಪುಟಕ್ಕೆ ತೆರೆದು ಮೇಜಿನ ಮೇಲಿಟ್ಟಳು. "ಇದನ್ನ ಓದಿ ಹಾಕಿ. ಓದದೆ ಹಾಕಿಸಿಕೊಂಡಳು ಅಂತ ಆಮೇಲೆ ಮಾತು ಬರಬಾರದು."

ಗೈಡು ಓದಿದರು. ಅರವತ್ತು ಜನ ನೋಡುತ್ತಿದ್ದರು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಗೈಡಿನ ಕಿವಿ ಕೆಂಪಾಯಿತು.

"ಇದನ್ನ ಪರೀಕ್ಷಕರಿಗೆ ಕಳಿಸಿದ್ರೆ ವಿಭಾಗದ ಮರ್ಯಾದೆ ಏನಾಗುತ್ತೆ?" ಎಂದು ಪಿಸುಗುಟ್ಟಿದರು.

"ಐದನೇ ಪುಟ ನೋಡಿ ಸರ್. ನಿಮ್ಮದೊಂದು ಬೇಡಿಕೆ ತೆಗೆದ್ರೆ ಐದು ಗಂಟೆ ಸಿಗುತ್ತೆ. ಮಿಕ್ಕ ಒಂಬತ್ತಕ್ಕೆ ಒಬ್ಬ ಅಧ್ಯಾಪಕರು ಬೇಕು. ನೀವು ಕೇಳಿದ್ರೆ ಕೊಡ್ತಾರೆ. ಇಷ್ಟು ವರ್ಷ ಕೇಳೋ ಹಾಗೇ ಇರಲಿಲ್ಲ, ಎಲ್ಲಾ ಸರಿಯಾಗಿದೆ ಅಂತ ನಾನೇ ತೋರಿಸ್ತಿದ್ದೆ."

ಗೈಡು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪ್ರತಿನಿಧಿ ಹುಡುಗಿ, "ಮೇಡಂ, ನೀವು ಇಲ್ಲಿ ಸ್ಟೂಡೆಂಟಾ? ನಮ್ಮ ಹಾಗೇನಾ?" ಅಂದುಬಿಟ್ಟಳು. ಹಿಂದಿನಿಂದ ಯಾರೋ, "ಏಳು ವರ್ಷದಿಂದಂತೆ ಕಣೇ," ಅಂದ. ಕೋಣೆಯೊಳಗೆ ಗುಜುಗುಜು ಹಬ್ಬಿತು. ಅರವತ್ತು ಜೊತೆ ಕಣ್ಣು ಅವಳಿಂದ ಗೈಡಿನ ಕಡೆಗೆ ತಿರುಗಿದವು.

ಗೈಡಿನ ಸ್ವಭಾವವೇ ಹಾಗೆ, ನಾಲ್ಕು ಜನರ ಮುಂದೆ ಸಣ್ಣವರಾಗುವುದು ಅವರಿಗೆ ಆಗಿಬರದು. ಕನ್ನಡಕ ಸರಿಮಾಡಿಕೊಂಡರು. "ನನ್ನ ವಿದ್ಯಾರ್ಥಿನಿ. ಸತ್ಯ ಹೇಳೋದಕ್ಕೆ ಹೆದರದ ಸಂಶೋಧನೆ," ಎಂದು ಸಭೆಗೆ ಕೇಳುವ ಹಾಗೆ ಹೇಳಿ, ಪೆನ್ನು ಹುಡುಕಿ, ದೊಡ್ಡದಾಗಿ ಸಹಿ ಹಾಕಿದರು. ಹುಡುಗರು ಚಪ್ಪಾಳೆ ತಟ್ಟಿದರು. ಗೈಡು ಎದ್ದು ನಿಂತು ಥೀಸಿಸ್ ಅವಳ ಕೈಗೆ ಕೊಡುವಾಗ ಮಾತ್ರ ಮೆಲ್ಲನೆ, "ಹನ್ನೊಂದಕ್ಕೆ ಆದ್ರೂ ಒಂದು ಪಾಠ ತಗೋತೀಯಲ್ಲ?" ಎಂದು ಕೇಳಿದರು.

ಅವಳು ತಲೆಯಾಡಿಸಲಿಲ್ಲ. ಬಾಗಿಲು ದಾಟುವವರೆಗೂ ಕತ್ತನ್ನು ಕಲ್ಲಿನ ಹಾಗೆ ಹಿಡಿದುಕೊಂಡಿದ್ದಳು. ಹಿಂದಿನಿಂದ ಗೈಡು, "ಸರಿ, ಕೂತ್ಕೊಳ್ಳಿ... ಎಲ್ಲಿ ಕೂತ್ಕೋತೀರಾ... ನಡೀರಿ ಕ್ಲಾಸಿಗೆ," ಅನ್ನುವುದು ಕೇಳಿಸಿತು.

ಕಚೇರಿಯ ಕಿಟಕಿಯಲ್ಲಿ ಮೊಹರು ಹಾಕಿ ರಸೀದಿ ಕೊಡಲು ಮೂರು ನಿಮಿಷ ಸಾಕಾಯಿತು. ಒಂದು ಅಂಗೈಯಗಲದ ಕಾಗದ. ಏಳು ವರ್ಷಕ್ಕೆ ಇಷ್ಟೇನಾ ಅನ್ನಿಸಿತು, ಆದರೆ ಇಷ್ಟು ಸಾಕಿತ್ತು. ಅಂಗಳದ ಬೆಂಚಿನ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದಳು. ಅವತ್ತು ಅವನಿಗೆ ರಜೆ. ಸುದ್ದಿ ಹೇಳಿದಳು. "ತಡಿ, ಪುಟ್ಟಿಗೆ ಕೊಡ್ತೀನಿ, ನೀನೇ ಹೇಳು," ಎಂದು ಮೂಗು ಸೇದುತ್ತಾ ಫೋನನ್ನು ಮಗಳ ಕೈಗೆ ಕೊಟ್ಟ.

"ಪುಟ್ಟೀ, ಅಮ್ಮ ನಾಳೆ ಬರ್ತಾಳೆ."

"ನಾಳೆ ಶನಿವಾರ ಅಲ್ವಲ್ಲ," ಅಂದಳು ಮಗಳು.

"ಶನಿವಾರ ಅಲ್ಲದಿದ್ರೂ ಬರ್ತೀನಿ. ಭಾನುವಾರ ವಾಪಸ್ ಹೋಗಲ್ಲ."

"ಸೋಮವಾರ ಬೆಳಿಗ್ಗೆ ಹೋಗ್ತೀಯಾ?"

"ಇಲ್ಲ ಕಂದಾ."

"ಮಂಗಳವಾರ?"

"ಇಲ್ಲ. ಇನ್ಮೇಲೆ ಅಲ್ಲೇ ಇರ್ತೀನಿ, ನಿನ್ನ ಜೊತೆ."

ಮಗಳು ಬುಧವಾರ ಕೇಳಿದಳು, ಗುರುವಾರ ಕೇಳಿದಳು. ಶುಕ್ರವಾರವೂ ಇಲ್ಲ ಅಂದ ಮೇಲೆ ಸುಮ್ಮನಾದಳು. ಪ್ರತಿ ಭಾನುವಾರ ಸಂಜೆ, ಮಗು ಅಳುತ್ತದೆಂದು ಅಪ್ಪ ಅದನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದ. ಅಷ್ಟು ಹೊತ್ತಿಗೆ ಇವಳು ಚೀಲ ಎತ್ತಿಕೊಂಡು ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದಳು. ಮಗುವಿಗೆ ಗೊತ್ತಾಗುವುದಿಲ್ಲ ಎಂದೇ ಇಬ್ಬರೂ ತಿಳಿದಿದ್ದರು.

"ಸರಿ," ಅಂದಳು ಮಗಳು, ಅಮ್ಮನಿಗೆ ಸಮಾಧಾನ ಹೇಳುವ ದನಿಯಲ್ಲಿ. "ಹೋಗುವಾಗ ಹೇಳಿ ಹೋಗಮ್ಮಾ. ನಾನು ಅಳಲ್ಲ."